ಮೈಕ್ರಾನ್ ಲೆಕ್ಕದ ಊರು ಪೀಣ್ಯ

2023ರ ಆಗಸ್ಟ್ 23ರ ಸಂಜೆ ಆರು ಗಂಟೆ ದಾಟುತ್ತಿದ್ದಂತೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿಯಿತಲ್ಲ, ಅದನ್ನು ಇಳಿಸಿದ ಇಸ್ರೊ ನಿಯಂತ್ರಣ ಕೇಂದ್ರ ‘ಇಸ್ಟ್ರ್ಯಾಕ್’ ಇರುವುದು ಪೀಣ್ಯ ಕೈಗಾರಿಕಾ ಪ್ರದೇಶದೊಳಗೆ. ಸುತ್ತ ಲೇತ್ ಶೆಡ್ಡುಗಳು, ಪೌಡರ್ ಕೋಟಿಂಗ್ ಮಾಡುವವರು, ಗಾರ್ಮೆಂಟ್ಸ್ ಕಟ್ಟಡಗಳು. ಮೂರು ದಿನ ಕಳೆದು ಪ್ರಧಾನಿ ಬೆಳ್ಳಂಬೆಳಗ್ಗೆ ಇಲ್ಲಿಗೇ ಬಂದು ವಿಜ್ಞಾನಿಗಳನ್ನು ಕಂಡರು. ಪೀಣ್ಯದ ಹಣೆಬರಹ ಮೊದಲಿನಿಂದಲೂ ಹೀಗೆಯೇ: ಕೆಲಸ ಇಲ್ಲಿಯದು, ಹೆಸರು ಬೆಂಗಳೂರಿನದು.

ತುಮಕೂರು ಕಡೆಗೆ ಹೋಗುವವರಿಗಂತೂ ಪೀಣ್ಯ ಎಂದರೆ ಒಂದು ಮೇಲ್ಸೇತುವೆ. 2010ರಲ್ಲಿ ಅದು ತೆರೆದ ಮೇಲೆ ಊರಿನ ಮುಖ ನೋಡದೆಯೇ ದಾಟಿಹೋಗುವ ಸೌಕರ್ಯ ಸಿಕ್ಕಿತು. 2021ರ ಡಿಸೆಂಬರ್‌ನಲ್ಲಿ ಕೇಬಲ್‌ಗಳ ದೋಷ ಕಂಡು ಸೇತುವೆ ಮುಚ್ಚಿದಾಗ ಲಾರಿ, ಬಸ್ಸುಗಳೆಲ್ಲ ಕೆಳಗಿಳಿದವು. ಎಷ್ಟೋ ಮಂದಿಗೆ ಕೆಳಗೂ ಒಂದು ಊರಿದೆ ಎಂದು ತಿಳಿದದ್ದು ಆಗಲೇ. ಭಾರಿ ವಾಹನಗಳು ಮತ್ತೆ ಮೇಲೆ ಹತ್ತಿದ್ದು 2024ರ ಜುಲೈನಲ್ಲಿ.

ಕೆಳಗಿನ ಊರಿನ ಕಥೆ ಜಾಲಹಳ್ಳಿಯಿಂದ ಶುರುವಾಗುತ್ತದೆ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್, 1961ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ. ಈ ದೊಡ್ಡ ಕಾರ್ಖಾನೆಗಳಿಗೆ ಸಣ್ಣಪುಟ್ಟ ಬಿಡಿಭಾಗ ಮಾಡಿಕೊಡುವವರು ಬೇಕಿದ್ದರು. 1970ರ ದಶಕದಲ್ಲಿ ಕೆಐಎಡಿಬಿ ಪೀಣ್ಯ ಸುತ್ತಲಿನ ಹೊಲಗಳನ್ನು ಹಂತಹಂತವಾಗಿ ನಿವೇಶನ ಮಾಡಿತು. 1978ರ ಹೊತ್ತಿಗೆ ಉದ್ಯಮಿಗಳ ಸಂಘವೂ ಹುಟ್ಟಿತು. ಬಂದವರಲ್ಲಿ ಬಂಡವಾಳಗಾರರಿಗಿಂತ ಕೆಲಸಗಾರರೇ ಹೆಚ್ಚು ಗಮನ ಸೆಳೆಯುತ್ತಾರೆ. ಸರ್ಕಾರಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಹತ್ತು ಹದಿನೈದು ವರ್ಷ ಕೈ ಪಳಗಿಸಿಕೊಂಡವನು ಪಿಎಫ್ ಹಣ ತೆಗೆದು, ಹೆಂಡತಿಯ ಒಡವೆ ಅಡವಿಟ್ಟು, ಹಳೇ ಲೇತ್ ಒಂದನ್ನು ಕೊಂಡು ಬಾಡಿಗೆ ಶೆಡ್ಡಿಗೆ ಇಳಿಸಿದರೆ ಅವನೇ ಓನರ್, ಅವನೇ ಆಪರೇಟರ್. ಈಗಲೂ ಇಲ್ಲಿ ಎಷ್ಟೋ ಯಜಮಾನರ ಬೆರಳ ಸಂದಿಯ ಕಪ್ಪು ಹೋಗಿಲ್ಲ. ಸಿಎನ್‌ಸಿ ಲೇತ್‌ಗಳಿಗೆ ಹೆಸರಾದ ಏಸ್ ಡಿಸೈನರ್ಸ್ ಕಂಪನಿಯನ್ನು 1979ರಲ್ಲಿ ಕಟ್ಟಿದವರೂ ಮೂವರು ತಂತ್ರಜ್ಞರೇ.

ಇಲ್ಲಿ ಯಾರೂ ಒಂದು ವಸ್ತುವನ್ನು ಪೂರ್ತಿ ಮಾಡುವುದಿಲ್ಲ ಎಂದರೂ ತಪ್ಪಾಗದು. ಒಂದು ಶಾಫ್ಟ್ ತೆಗೆದುಕೊಳ್ಳಿ. ರಾಡ್ ಕತ್ತರಿಸುವುದು ಒಂದು ಕಡೆ, ಟರ್ನಿಂಗ್ ಇನ್ನೊಂದು ಶೆಡ್ಡಿನಲ್ಲಿ, ಹಲ್ಲು ಕೊರೆಯಲು ಗೇರ್ ಕಟಿಂಗ್‌ನವರ ಬಳಿಗೆ, ಹದ ಹಾಕಲು ಹೀಟ್ ಟ್ರೀಟ್‌ಮೆಂಟ್‌ಗೆ, ಅಲ್ಲಿಂದ ಗ್ರೈಂಡಿಂಗ್, ಆಮೇಲೆ ಪ್ಲೇಟಿಂಗ್. ಇದಕ್ಕೆಲ್ಲ ಒಂದೇ ಹೆಸರು, ‘ಜಾಬ್ ವರ್ಕ್’. ಶಾಫ್ಟನ್ನು ಒಂದು ಗಲ್ಲಿಯಿಂದ ಇನ್ನೊಂದಕ್ಕೆ ಸಾಗಿಸುವ ಗೂಡ್ಸ್ ಆಟೊದವನಿಗೆ ಈ ಊರಿನ ಗುಟ್ಟುಗಳೆಲ್ಲ ಗೊತ್ತು: ಯಾರ ಹತ್ತಿರ ಆರ್ಡರ್ ತುಂಬಿದೆ, ಯಾರ ಮಷೀನು ನಿಂತಿದೆ, ಯಾರು ಬಿಲ್ ಹಣಕ್ಕಾಗಿ ತಿಂಗಳುಗಟ್ಟಲೆ ಅಲೆದಾಡಿಸುತ್ತಾರೆ. ಮಾರುಕಟ್ಟೆಯ ಏರಿಳಿತ ತಿಳಿಯಲು ನಾನಾದರೆ ಅರ್ಥಶಾಸ್ತ್ರಜ್ಞರಿಗಿಂತ ಮೊದಲು ಟಿವಿಎಸ್ ಕ್ರಾಸ್‌ನಲ್ಲಿ ನಿಂತ ಆಟೊದವರನ್ನು ಕೇಳುತ್ತೇನೆ.

ಮಾತು ಕೂಡ ಅಳತೆಯದೇ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಇಲ್ಲಿ ಹತ್ತು ಮೈಕ್ರಾನ್ ಹೆಚ್ಚಾದರೂ ಜಾಬ್ ‘ರಿಜೆಕ್ಟ್’. ಹತ್ತನೇ ಕ್ಲಾಸು ಮುಗಿಸಿ ಊರು ಬಿಟ್ಟು ಬಂದ ಹುಡುಗ ಆರು ತಿಂಗಳು ಹೆಲ್ಪರ್ ಆಗಿ ಬರ್ರು ಗುಡಿಸಿ, ಕೂಲಂಟ್ ತುಂಬಿ, ಆಮೇಲೆ ಮೈಕ್ರೋಮೀಟರ್ ಹಿಡಿಯುತ್ತಾನೆ. ಓದಿ ಬರುವವರಿಗೆ ಐಟಿಐ ಇದೆ, ಪೀಣ್ಯದಲ್ಲೇ ಎನ್‌ಟಿಟಿಎಫ್ ಇದೆ. ಅದರ ಹೆಸರಿನ ಸರ್ಕಲ್ಲೇ ಉಂಟು. ಉಳಿದವರಿಗೆ ಗೇಟಿಗೆ ನೇತುಹಾಕಿದ ರಟ್ಟಿನ ಬೋರ್ಡು: ಸಿಎನ್‌ಸಿ ಆಪರೇಟರ್, ಟೈಲರ್, ಹೆಲ್ಪರ್ ಬೇಕಾಗಿದ್ದಾರೆ. ಹಾಸನ, ಮಂಡ್ಯ, ತುಮಕೂರು, ಕಲಬುರಗಿ, ರಾಯಚೂರಿನ ಹುಡುಗರು ಓದುತ್ತಿದ್ದ ಈ ಬೋರ್ಡುಗಳ ಕೆಳಗೆ ಈಗ ಹಿಂದಿ ಸಾಲೂ ಸೇರಿದೆ. ಒಡಿಶಾ, ಬಿಹಾರ, ಅಸ್ಸಾಂನವರು ಬಂದಿದ್ದಾರೆ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಅವರನ್ನು ಊರಿಗೆ ಒಯ್ಯಲು ಶ್ರಮಿಕ್ ರೈಲುಗಳು ಹೊರಟದ್ದು ಹತ್ತಿರದ ಚಿಕ್ಕಬಾಣಾವರ ನಿಲ್ದಾಣದಿಂದ.

ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಮಾತ್ರ ಪೀಣ್ಯ ಹೆಂಗಸರ ಊರು. ಲಗ್ಗೆರೆ, ಹೆಗ್ಗನಹಳ್ಳಿ, ಚೊಕ್ಕಸಂದ್ರ, ದಾಸರಹಳ್ಳಿ ಕಡೆಯಿಂದ ಬುತ್ತಿಚೀಲ ಹಿಡಿದು, ಮಲ್ಲಿಗೆ ಮುಡಿದು, ಗುಂಪುಗುಂಪಾಗಿ ಗಾರ್ಮೆಂಟ್ಸ್ ಗೇಟುಗಳತ್ತ ನಡೆಯುತ್ತಾರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ಟಿನಲ್ಲಿ ಕಾಲರ್ ಹೊಲಿಯುವವಳು ದಿನವಿಡೀ ಕಾಲರ್ ಹೊಲಿಯುತ್ತಾಳೆ. ಇವರು ಮೆತ್ತಗಿನವರು ಎಂದುಕೊಂಡಿದ್ದವರಿಗೆ 2016ರ ಏಪ್ರಿಲ್ ಉತ್ತರ ಕೊಟ್ಟಿತು. ಪಿಎಫ್ ಹಣ ತೆಗೆಯಲು ಕೇಂದ್ರ ಸರ್ಕಾರ ಹೊಸ ಕಟ್ಟುಪಾಡು ತಂದಾಗ, ಯಾವ ದೊಡ್ಡ ನಾಯಕನ ಕರೆಯೂ ಇಲ್ಲದೆ ಹೊಸೂರು ರಸ್ತೆಯಲ್ಲೂ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್‌ನಲ್ಲೂ ಸಾವಿರಾರು ಹೆಂಗಸರು ಬೀದಿಗಿಳಿದರು. ಎರಡೇ ದಿನದಲ್ಲಿ ಆದೇಶ ವಾಪಸಾಯಿತು. ದೇಶದ ಕಾರ್ಮಿಕ ಚರಿತ್ರೆಯಲ್ಲಿ ಅದಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. 2023ರ ಜೂನ್‌ನಿಂದ ಬಸ್ ಪ್ರಯಾಣ ಇವರಿಗೆ ಉಚಿತ. ಉಳಿದ ಆ ದುಡ್ಡು ಬಹುಪಾಲು ಚೀಟಿಗೆ ಹೋಗುತ್ತದೆ.

ಇಂಥ ಊರಿನಲ್ಲಿ ಮನರಂಜನೆ ಎಲ್ಲಿ? ಓಟಿ ಇಲ್ಲದ ಭಾನುವಾರ ಸಿಕ್ಕರೆ ಜಾಲಹಳ್ಳಿ ಕ್ರಾಸ್ ಬಳಿಯ ರಾಕ್‌ಲೈನ್ ಮಾಲ್ ಇದೆ. ನಿರ್ಮಾಪಕ ರಾಕ್‌ಲೈನ್ ವೆಂಕಟೇಶ್ ಅವರದು. ಎಸಿ ಗಾಳಿ ಕುಡಿದು, ಎಸ್ಕಲೇಟರ್ ಮೇಲೆ ಫೋಟೊ ತೆಗೆಸಿಕೊಂಡು, ಹೊರಗೆ ಬಂದು ಎಗ್‌ರೈಸ್ ತಿನ್ನುವವರೇ ಬಹಳ. ಆದರೆ ಪೀಣ್ಯದ ನಿಜವಾದ ಸಿನಿಮಾ ಕ್ಷೇತ್ರ ಗೊರಗುಂಟೆಪಾಳ್ಯದ ಬಳಿಯ ಕಂಠೀರವ ಸ್ಟುಡಿಯೊ. ರಾಜ್‌ಕುಮಾರ್, ಅಂಬರೀಷ್, ಪುನೀತ್ ಮೂವರ ಸಮಾಧಿಯೂ ಅಲ್ಲಿದೆ. ರಾಜ್‌ಕುಮಾರ್ ಹುಟ್ಟಿದ ಏಪ್ರಿಲ್ 24, ಪುನೀತ್ ಹುಟ್ಟಿದ ಮಾರ್ಚ್ 17 ಬಂತೆಂದರೆ ಶಿಫ್ಟ್ ಬದಲಾಯಿಸಿಕೊಂಡು ಹೋಗಿ ಬರುತ್ತಾರೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ಹೋದ ಮೇಲಂತೂ ಅಪ್ಪುವಿನ ಚಿತ್ರ ಇಲ್ಲದ ಗೂಡ್ಸ್ ಆಟೊ ಹುಡುಕಬೇಕು.

ಬೀದಿಯ ರಂಜನೆ ಬೇರೆಯೇ. ಮೆಜೆಸ್ಟಿಕ್‌ನ ಅಣ್ಣಮ್ಮ ದೇವಿಯನ್ನು ಕರೆತಂದು ಕೂರಿಸಿ, ರಾತ್ರಿ ಆರ್ಕೆಸ್ಟ್ರಾ ಇಡಿಸುವುದು ಹೆಗ್ಗನಹಳ್ಳಿ, ಲಗ್ಗೆರೆ ಕಡೆಯ ವಠಾರಗಳ ಮಾಮೂಲು. ನವೆಂಬರ್ ಪೂರ್ತಿ ರಾಜ್ಯೋತ್ಸವ. ಆಟೊ ನಿಲ್ದಾಣದವರದು ಒಂದು ವಾರ, ಕಂಪನಿಯವರದು ಇನ್ನೊಂದು ವಾರ. ‘ನವೆಂಬರ್ ಕನ್ನಡಿಗರು’ ಎಂದು ನಗುವವರು ಇಲ್ಲಿಗೊಮ್ಮೆ ಬಂದು ನೋಡಬೇಕು. ಅಸ್ಸಾಮಿನ ಹುಡುಗನೂ ಕೆಂಪು-ಹಳದಿ ಶಾಲು ಹೊದ್ದು ಕುಣಿಯುತ್ತಿರುತ್ತಾನೆ, ಜನವರಿಯಲ್ಲಿ ಸೂಪರ್‌ವೈಸರ್ ಜತೆ ಕನ್ನಡದಲ್ಲೇ ಜಗಳವಾಡುತ್ತಾನೆ.

ಜನವರಿಯಲ್ಲಿ ಇನ್ನೊಂದು ಹಬ್ಬ, ಯಂತ್ರಗಳ ಜಾತ್ರೆ ಎನ್ನಬಹುದಾದ ಇಮ್‌ಟೆಕ್ಸ್. ಮಾದಾವರದ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಜಪಾನ್, ಜರ್ಮನಿ, ತೈವಾನ್‌ನ ಯಂತ್ರಗಳು ಕಣ್ಣೆದುರೇ ಲೋಹ ಕೊರೆಯುತ್ತಿರುತ್ತವೆ. ಸಣ್ಣ ಓನರ್‌ಗಳು ತಮ್ಮ ಆಪರೇಟರ್‌ಗಳನ್ನು ಕರೆದುಕೊಂಡು ಹೋಗಿ, ಒಂದೊಂದು ಯಂತ್ರದ ಮುಂದೆ ಹತ್ತು ನಿಮಿಷ ಮಾತಿಲ್ಲದೆ ನಿಲ್ಲುತ್ತಾರೆ. ಬೆಲೆ ಕೇಳಿದರೆ ಮಾತು ಬರುತ್ತದೆ. ಲೇತ್ ಒಂದನ್ನು ಕೊಂಡು ಓನರ್ ಆಗುವ ಹಳೇ ಏಣಿಯ ಮೆಟ್ಟಿಲುಗಳು ಇಲ್ಲೇ ದೂರವಾಗಿವೆ: ಸಿಎನ್‌ಸಿಗೆ ಲಕ್ಷಗಳ ಸಾಲ, ಶೆಡ್ಡಿಗೆ ಏರಿದ ಬಾಡಿಗೆ, ಕಂಟ್ರಾಕ್ಟ್ ಮೇಲೆ ದುಡಿಯುವವನಿಗೆ ತೆಗೆಯಲು ಪಿಎಫ್ಫೂ ಅಷ್ಟಿಲ್ಲ. ಪ್ಲೇಟಿಂಗ್ ಶೆಡ್ಡುಗಳ ಕ್ರೋಮಿಯಂ ಅಂತರ್ಜಲಕ್ಕೆ ಸೇರಿದ್ದು ಇನ್ನೊಂದು ಸಾಲ. ಸುತ್ತಲಿನ ಬೋರ್‌ವೆಲ್ ನೀರನ್ನು ಕುಡಿಯಲು ಜನ ಹಿಂಜರಿಯುತ್ತಾರೆ. ಸರ್ಕಾರ ಕೊಟ್ಟ ಸೌಲಭ್ಯಗಳ ಪೈಕಿ 2014ರ ಬಸವೇಶ್ವರ ಬಸ್ ನಿಲ್ದಾಣ ಬಸ್ಸುಗಳಿಲ್ಲದೆ ಬಿಕೋ ಎಂದದ್ದೇ ಹೆಚ್ಚು, ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ಮೆಟ್ರೊ ಮಾತ್ರ ತುಂಬಿ ಓಡುತ್ತಿದೆ. 2024ರ ನವೆಂಬರ್‌ನಲ್ಲಿ ಅದು ಮಾದಾವರ ಮುಟ್ಟಿತು.

ಪೀಣ್ಯ ನೋಡಬೇಕೆಂದಿದ್ದರೆ ಆಯುಧಪೂಜೆಯ ದಿನ ಅಥವಾ ಅದರ ಹಿಂದಿನ ಸಂಜೆ ಹೋಗಿ. ವರ್ಷವಿಡೀ ‘ಒಳಗೆ ಪ್ರವೇಶವಿಲ್ಲ’ ಎನ್ನುವ ಗೇಟುಗಳು ಅಂದು ತೆರೆದಿರುತ್ತವೆ. ಮಷೀನುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ವಿಭೂತಿ ಬಳಿದು, ಬಾಳೆಕಂದು ಕಟ್ಟಿರುತ್ತಾರೆ. ಹೆಂಡತಿ ಮಕ್ಕಳನ್ನು ಕರೆತಂದ ಆಪರೇಟರ್ ‘ಇದೇ ನಂದು’ ಎಂದು ತೋರಿಸುತ್ತಾನೆ. ಮಷೀನು ಕಂಪನಿಯದಾದರೂ ಅವನ ಮಾತನ್ನು ಅಂದು ಯಾರೂ ತಿದ್ದುವುದಿಲ್ಲ. ಗುರುತು ಪರಿಚಯ ಇಲ್ಲದವರ ಕೈಗೂ ಕಡ್ಲೆಪುರಿ, ಸಿಹಿ ಬೀಳುತ್ತದೆ. ಇಳಿಯಬೇಕಾದ್ದು ಪೀಣ್ಯ ನಿಲ್ದಾಣದಲ್ಲಲ್ಲ, ಅದರ ಮುಂದಿನ ಪೀಣ್ಯ ಇಂಡಸ್ಟ್ರಿಯಲ್ಲಿ. ಹಳೇ ಚಪ್ಪಲಿ ಹಾಕಿಕೊಳ್ಳಿ. ಬೈಕ್ ತಂದರೆ ನಿಧಾನ, ರಸ್ತೆ ತುಂಬ ಒಡೆದ ಬೂದುಗುಂಬಳಕಾಯಿ.