ಜಪ್ತಿಯಾದ ಆಸ್ತಿಗೆ ರಿಸೀವರ್ ನೇಮಕ: ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ

ಪಂಚಾಯತಿಯ ಹಣ ದುರುಪಯೋಗವಾಗಿದೆ ಎಂದು ದೂರು ದಾಖಲಾದ ದಿನದಿಂದ ತೀರ್ಪು ಹೊರಬೀಳುವವರೆಗೆ ವರ್ಷಗಳೇ ಉರುಳಬಹುದು. ಅಷ್ಟರಲ್ಲಿ ಆರೋಪಿಯ ನಿವೇಶನ ಮಾರಾಟವಾಗಿ, ಟ್ರ್ಯಾಕ್ಟರ್ ನೆಂಟರ ಹೆಸರಿಗೆ ವರ್ಗವಾಗಿದ್ದರೆ, ಶಿಕ್ಷೆಯಾದರೂ ವಸೂಲಿಗೆ ಏನೂ ಉಳಿಯದು. ಇದನ್ನು ತಡೆಯಲು ಕಾನೂನಿನಲ್ಲಿ ಎರಡು ಹಂತಗಳಿವೆ. ಮೊದಲನೆಯದು ಜಪ್ತಿ, ಎರಡನೆಯದು ಜಪ್ತಿಯಾದ ಆಸ್ತಿಯನ್ನು ನೋಡಿಕೊಳ್ಳಲು ನ್ಯಾಯಾಲಯದಿಂದ ರಿಸೀವರ್ ನೇಮಕ. ಮೊದಲನೆಯದನ್ನು ಎಲ್ಲರೂ ಬಲ್ಲರು, ಎರಡನೆಯದನ್ನು ಕೇಳುವವರೇ ಕಡಿಮೆ.

1943ರ ಏಪ್ರಿಲ್ 1ರಂದು ಮೈಲಾರ ಮಹಾದೇವ ಹಾಗೂ ಅವರ ಇಬ್ಬರು ಸಂಗಡಿಗರು ನಮ್ಮ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅದರ ಮರುವರ್ಷ ಬ್ರಿಟಿಷ್ ಆಡಳಿತ ಹೊರಡಿಸಿದ ಕ್ರಿಮಿನಲ್ ಕಾನೂನು ತಿದ್ದುಪಡಿ ಸುಗ್ರೀವಾಜ್ಞೆ, 1944 ಇಂದಿಗೂ ಜಾರಿಯಲ್ಲಿದೆ. ಸರ್ಕಾರದ ಹಣಕ್ಕಷ್ಟೇ ಅಲ್ಲ, ಸ್ಥಳೀಯ ಸಂಸ್ಥೆಯ ಹಣಕ್ಕೆ ಆಗುವ ನಂಬಿಕೆದ್ರೋಹ ಮತ್ತು ವಂಚನೆಗೂ ಅದು ಅನ್ವಯಿಸುತ್ತದೆ. ಸರ್ಕಾರ ಅಧಿಕಾರ ನೀಡಿದವರು ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬೇಕು. ಅಪರಾಧದಿಂದ ಗಳಿಸಿದ ಸ್ವತ್ತೇ ಸಿಗದಿದ್ದರೆ, ಸರಿಸುಮಾರು ಅದೇ ಮೌಲ್ಯದ ಬೇರೆ ಆಸ್ತಿಯನ್ನು ಜಪ್ತಿ ಮಾಡಲು ಕೋರಬಹುದು. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ಪ್ರತಿಬಂಧ ಅಧಿನಿಯಮದ ಪ್ರಕರಣಗಳಲ್ಲಿಯೂ ಇದೇ ಕ್ರಮ ಅನ್ವಯವಾಗುತ್ತದೆ.

ಜಪ್ತಿ ಎಂದರೆ ಬೀಗ ಮಾತ್ರ. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿರುವ ಮೆಣಸಿನಕಾಯಿಯ ಬಾಡಿಗೆ ಕಟ್ಟುವವರು ಯಾರು? ವರದಾ ದಂಡೆಯ ಹೊಲದಲ್ಲಿ ನಿಂತ ಪೈರನ್ನು ಕೊಯ್ಯುವವರು ಯಾರು? ಮಳಿಗೆಗಳ ಬಾಡಿಗೆ ಯಾರ ಕೈ ಸೇರಬೇಕು? ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು ಹೇಳುವೆ: ವರ್ಷಗಟ್ಟಲೆ ಓಡದೆ ನಿಂತ ಪಂಪ್‌ಸೆಟ್ಟು ಕೊನೆಗೆ ಗುಜರಿಯ ಬೆಲೆಗೆ ಇಳಿಯುತ್ತದೆ. ಇಂತಹ ನಷ್ಟವನ್ನು ತಪ್ಪಿಸುವುದೇ ರಿಸೀವರ್ ಕೆಲಸ. ನೇಮಕಕ್ಕೆ ನ್ಯಾಯಾಲಯ ನೋಡುವುದು ಅದು ನ್ಯಾಯಸಮ್ಮತವೂ ಅನುಕೂಲಕರವೂ ಆಗಿದೆಯೇ ಎಂಬುದನ್ನು. ಆದ್ದರಿಂದ ಆಸ್ತಿಯನ್ನು ಹಾಗೆಯೇ ಬಿಟ್ಟರೆ ಯಾವ ಹಾನಿ, ಎಷ್ಟು ಬೇಗ ಆಗುತ್ತದೆ ಎಂಬುದು ಅರ್ಜಿಯಲ್ಲಿ ಸ್ಪಷ್ಟವಾಗಿರಬೇಕು.

ರಿಸೀವರ್ ಆಸ್ತಿಯ ಒಡೆಯನಲ್ಲ, ಸರ್ಕಾರದ ಪಕ್ಷದವನೂ ಅಲ್ಲ. ಆತ ನ್ಯಾಯಾಲಯದ ಪ್ರತಿನಿಧಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 40ನೇ ಆದೇಶದಂತೆ ನ್ಯಾಯಾಲಯ ಕೇಳಿದ ಭದ್ರತೆ ನೀಡಬೇಕು, ಲೆಕ್ಕ ಒಪ್ಪಿಸಬೇಕು. ಉದ್ದೇಶಪೂರ್ವಕ ಲೋಪ ಅಥವಾ ತೀವ್ರ ನಿರ್ಲಕ್ಷ್ಯದಿಂದ ನಷ್ಟವಾದರೆ ಸ್ವತಃ ತುಂಬಿಕೊಡಬೇಕು. ಕಂದಾಯ ಸಲ್ಲುವ ಜಮೀನಾದರೆ ಜಿಲ್ಲಾಧಿಕಾರಿಗಳನ್ನೇ, ಅವರ ಒಪ್ಪಿಗೆ ಪಡೆದು, ನೇಮಿಸಲು ಅವಕಾಶವಿದೆ.

ಖಾಸಗಿ ಠೇವಣಿ ಸಂಸ್ಥೆಗಳು ಗ್ರಾಮಸ್ಥರನ್ನು ವಂಚಿಸಿದರೆ ದಾರಿ ಬೇರೆ. ಠೇವಣಿದಾರರ ಹಿತಾಸಕ್ತಿ ಸಂರಕ್ಷಣೆಗಾಗಿ ಇರುವ ರಾಜ್ಯದ 2004ರ ಅಧಿನಿಯಮದಡಿ ಸಕ್ಷಮ ಪ್ರಾಧಿಕಾರಿಯೇ ಆಸ್ತಿಯ ಹೊಣೆ ಹೊರುತ್ತಾರೆ. 2019ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ನಡೆದದ್ದು ಹೀಗೆಯೇ. ಇನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 107ರಂತೆ, ತನಿಖಾಧಿಕಾರಿ ಪೊಲೀಸ್ ವರಿಷ್ಠಾಧಿಕಾರಿಗಳ ಅನುಮೋದನೆ ಪಡೆದು ನೇರವಾಗಿ ನ್ಯಾಯಾಲಯಕ್ಕೆ ಜಪ್ತಿಯ ಅರ್ಜಿ ಸಲ್ಲಿಸಬಹುದು. ಆಸ್ತಿ ಹೊಂದಿದವರಿಗೆ ಕಾರಣ ತೋರಿಸಲು 14 ದಿನಗಳ ನೋಟಿಸ್ ನೀಡಲಾಗುತ್ತದೆ.

ಈ ಅರ್ಜಿಗಳನ್ನು ಪಂಚಾಯತಿ ತಾನಾಗಿ ಸಲ್ಲಿಸಲಾಗದು. ಆದರೆ ಅರ್ಜಿಗೆ ಬೇಕಾದ ಮಾಹಿತಿ ಬಹುಪಾಲು ಇರುವುದು ನಮ್ಮಲ್ಲಿಯೇ. ಆಸ್ತಿ ಸಂಖ್ಯೆ, ಚಕ್ಕುಬಂದಿ, ಸ್ವಾಧೀನದಲ್ಲಿರುವವರು, ಬರುತ್ತಿರುವ ಬಾಡಿಗೆ ಇವನ್ನು ತನಿಖಾಧಿಕಾರಿ ಕೇಳಿದ ಕೂಡಲೇ ಲಿಖಿತವಾಗಿ ಒದಗಿಸಬೇಕು. ದುರುಪಯೋಗ ನಮ್ಮ ಪಂಚಾಯತಿಯದೇ ಹಣದ್ದಾದರೆ, ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಕಳಿಸುವ ವರದಿಯಲ್ಲಿಯೇ ಆಸ್ತಿ ವಿವರ ಸೇರಿಸಿ, ಜಪ್ತಿ ಮತ್ತು ರಿಸೀವರ್ ನೇಮಕದ ಪ್ರಸ್ತಾಪ ಮಾಡುವುದು ಒಳಿತು. ಆದೇಶ ತಲುಪಿದ ಮೇಲೆ ಆ ಸ್ವತ್ತಿನ ಖಾತೆ ಬದಲಾವಣೆಗೆ ಯಾರೇ ಒತ್ತಾಯಿಸಿದರೂ ಮಣಿಯಬಾರದು.

ಸಂಶಯಕ್ಕೆ ಒಳಗಾದವರು ಅಪರಾಧಿಗಳೆಂದು ಇನ್ನೂ ತೀರ್ಮಾನವಾಗಿರುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಅವಿಭಕ್ತ ಕುಟುಂಬದ ಪಾಲುದಾರರು, ಅಡಮಾನ ಪಡೆದ ಬ್ಯಾಂಕು ತಮ್ಮ ಆಕ್ಷೇಪಣೆ ಸಲ್ಲಿಸಬಹುದು. ಕುಟುಂಬದ ಜೀವನಾಂಶಕ್ಕೆ ಜಪ್ತಿಯಾದ ಆಸ್ತಿಯಿಂದಲೇ ಹಣ ಕೊಡಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಇಂತಹ ಮನೆಯವರು ಸದಸ್ಯರ ಬಳಿ ಬಂದಾಗ ಅವರನ್ನು ನ್ಯಾಯಾಲಯದ ಉಚಿತ ಕಾನೂನು ಸೇವಾ ಸಮಿತಿಗೆ ಕಳಿಸಿಕೊಡಿ. ಮಳಿಗೆಯ ಬಾಡಿಗೆದಾರರು ಕೇಳಿದರೆ, ಬಾಡಿಗೆಯನ್ನು ರಿಸೀವರ್‌ಗೇ ಕೊಟ್ಟು ರಸೀದಿ ಪಡೆಯುವಂತೆ ತಿಳಿಸಿ.