ಒಂದು ಕಣ್ಣಿನಲ್ಲಿ ಎರಡು ಕರ್ನಾಟಕ

ಬೇಸಗೆ ಬಂತೆಂದರೆ ಕುಮಟಾದ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗತೊಡಗುತ್ತವೆ. ಒಂದನ್ನು ಒಡೆದು ಎಸಳು ಬಿಡಿಸಿ. ಎಸಳಿನ ದಪ್ಪ ಎರಡೂವರೆ ಮಿಲಿಮೀಟರ್ ಎನ್ನೋಣ. ನಮ್ಮ ಕಣ್ಣಿನ ಹಿಂಗೋಡೆಗೆ ಹಾಸಿರುವ ಅಕ್ಷಿಪಟಲ, ಅಂದರೆ ರೆಟಿನಾ, ಸುಮಾರು ಕಾಲು ಮಿಲಿಮೀಟರ್. ಆ ಒಂದೇ ಎಸಳಿನ ದಪ್ಪದಲ್ಲಿ ಹತ್ತು ರೆಟಿನಾ ಪೇರಿಸಬಹುದು! ಒಂದೊಂದು ರೆಟಿನಾದೊಳಗೆ ಮತ್ತೆ 10 ಪದರ. ಹರವೂ ಅಷ್ಟಕ್ಕಷ್ಟೇ: ಸುಮಾರು 11 ಚದರ ಸೆಂಟಿಮೀಟರ್. ಹೊನ್ನಾವರದ ಒಂದು ವೀಳ್ಯದೆಲೆಯ ಮೇಲೆ ನಾಲ್ಕೈದು ಹಿಡಿಸುತ್ತವೆ.

ಇಷ್ಟು ಚೂರು ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೆಷ್ಟು? ಮಬ್ಬಿನಲ್ಲಿ ಕಾಣಲು ಸುಮಾರು 12 ಕೋಟಿ, ಬಣ್ಣ ಕಾಣಲು 60 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನ 6.11 ಕೋಟಿ. ಒಂದು ಕಣ್ಣಿನಲ್ಲಿ ಎರಡು ಕರ್ನಾಟಕ! ಊಟ, ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸಿದರೆ ಒಂದು ಕಣ್ಣು ಮುಗಿಯಲು ನಾಲ್ಕು ವರ್ಷ ಬೇಕು. ಓದಲು, ಮುಖ ಗುರುತಿಸಲು, ಸೂಜಿಗೆ ದಾರ ಪೋಣಿಸಲು ನೆರವಾಗುವುದು ನಟ್ಟನಡುವಿನ ಒಂದೂವರೆ ಮಿಲಿಮೀಟರ್ ಮಾತ್ರ. ಸಾಸಿವೆ ಕಾಳಿನಷ್ಟು.

ಜೀವಂತ ಕಣ್ಣಿನೊಳಗೆ ಇಣುಕುವ ಉಪಕರಣವನ್ನು ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಪರಿಚಯಿಸಿದ್ದು 1851ರಲ್ಲಿ. ಅದರಲ್ಲಿ ಕಂಡದ್ದು ರೆಟಿನಾದ ಮೇಲ್ಮೈ. ಕತ್ತರಿಸದೆ ಅದರ ಪದರಗಳನ್ನೇ ತೋರಿಸುವ ಓಸಿಟಿ ಸ್ಕ್ಯಾನ್ ಜಗತ್ತಿಗೆ ಪರಿಚಯವಾದದ್ದು 1991ರಲ್ಲಿ. ಈಗಿನ ಓಸಿಟಿ ಒಂದು ಮಿಲಿಮೀಟರಿನ 200ರಲ್ಲಿ ಒಂದು ಪಾಲನ್ನೂ ಬಿಡಿಸಿ ತೋರಿಸುತ್ತದೆ. ರೆಟಿನಾದ ದಪ್ಪವನ್ನು ಮುರುಡೇಶ್ವರದ 123 ಅಡಿಯ ಶಿವನಷ್ಟು ಹಿಗ್ಗಿಸಿದಿರಿ ಎನ್ನಿ. ಆ ಪಾದದ ಬಳಿ ನಿಂತ ಎರಡೂವರೆ ಅಡಿಯ ಮಗುವೂ ಓಸಿಟಿಯ ಕಣ್ಣಿಗೆ ಬೀಳುತ್ತದೆ!

ವೇಗ ಕೇಳಿ. 2002ರ ಸುಮಾರಿಗೆ ಈ ಯಂತ್ರ ಸೆಕೆಂಡಿಗೆ 400 ಗೆರೆ ಓದುತ್ತಿತ್ತು. ಈಗ 1 ಲಕ್ಷ ಗೆರೆ ಓದುವ ಯಂತ್ರಗಳಿವೆ, 250 ಪಟ್ಟು. ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್, ಕಾಲ್ನಡಿಗೆಯಲ್ಲಿ 15 ಗಂಟೆ. ನಡಿಗೆ 250 ಪಟ್ಟು ಚುರುಕಾದರೆ ಮೂರೂವರೆ ನಿಮಿಷಕ್ಕೇ ತಲುಪಿರುತ್ತೀರಿ.

ಇನ್ನು ಚಿಕಿತ್ಸೆ. ಕಣ್ಣಿನೊಳಗಿನ ಲೋಳೆಯನ್ನು ಕತ್ತರಿಸಿ ತೆಗೆಯುವ ಉಪಕರಣ ಈಗ ಅರ್ಧ ಮಿಲಿಮೀಟರಿಗಿಂತ ಸಪೂರ, ನಿಮಿಷಕ್ಕೆ 20 ಸಾವಿರ ಸಲ ಕತ್ತರಿಸುವಷ್ಟು ಚುರುಕು. ಅಡಕತ್ತರಿಯಲ್ಲಿ ಸೆಕೆಂಡಿಗೊಂದು ಹೋಳು ಮಾಡುವವರಿಗೆ ಅಷ್ಟು ಕೆಲಸಕ್ಕೆ ಐದೂವರೆ ಗಂಟೆ. ರೆಟಿನಾದ ಊತ ಇಳಿಸಲು ಕಣ್ಣಿಗೇ ಚುಚ್ಚುವ ಮದ್ದು ಸಾಮಾನ್ಯವಾಗಿ 0.05 ಮಿಲಿಲೀಟರ್, ಬರೀ ಒಂದು ಹನಿ. ಒಂದು ಚಹಾ ಚಮಚದಲ್ಲಿ ನೂರು ಕಣ್ಣಿನ ಮದ್ದು! 2017ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ವಂಶವಾಹಿ ಚಿಕಿತ್ಸೆಯಂತೂ ನಂಬಲಾಗದ್ದು. ಒಂದು ಕಣ್ಣಿಗೆ 0.3 ಮಿಲಿಲೀಟರ್, ಅದರಲ್ಲಿ ಸರಿಯಾದ ವಂಶವಾಹಿ ಹೊತ್ತ 15 ಸಾವಿರ ಕೋಟಿ ವೈರಸ್ ಕಣ. ಭೂಮಿಯ ಮೇಲಿನ ಅಷ್ಟೂ ಜನಕ್ಕೆ ತಲಾ 18 ಹಂಚಬಹುದು.

ನಮ್ಮ ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ‘ಕಿಡ್ರಾಪ್’ ಯೋಜನೆ ನನಗೆ ಇವೆಲ್ಲಕ್ಕಿಂತ ದೊಡ್ಡದು. ಅವಧಿಗೆ ಮುಂಚೆ ಹುಟ್ಟಿದ ಮಗುವಿನ ರೆಟಿನಾ ಕೆಡುವ ಅಪಾಯವಿದೆ, ಅದರ ಕಣ್ಣೋ ಅಡಿಕೆಗಿಂತ ಚಿಕ್ಕದು. ತರಬೇತಿ ಪಡೆದ ಸಿಬ್ಬಂದಿ ಹಳ್ಳಿಗಾಡಿನಲ್ಲೇ ಅದರ ರೆಟಿನಾದ ಚಿತ್ರ ತೆಗೆಯುತ್ತಾರೆ, ದೂರದ ತಜ್ಞರು ಪರದೆಯಲ್ಲಿ ನೋಡುತ್ತಾರೆ. 34 ವಾರಕ್ಕೆ ಮುಂಚೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ 30 ದಿನದೊಳಗೆ ಈ ಪರೀಕ್ಷೆ ಆಗಲೇಬೇಕು.

ಕೊನೆಯ ಅಂಕಿ ಎಲ್ಲಕ್ಕಿಂತ ಭಾರ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ. ಈ ಕಾಯಿಲೆ ರೆಟಿನಾವನ್ನೂ ಕೆಡಿಸಬಲ್ಲದು, ಅಂದರೆ ರೆಟಿನಾ ಪರೀಕ್ಷೆ ಆಗಬೇಕಾದ 20 ಕೋಟಿ ಕಣ್ಣು! ಒಬ್ಬರೇ ವೈದ್ಯರು ಕಣ್ಣಿಗೊಂದು ನಿಮಿಷದಂತೆ ಹಗಲಿರುಳು ನೋಡಿದರೆ 380 ವರ್ಷ ಮೀರುತ್ತದೆ. ಕೆಳದಿಯ ಶಿವಪ್ಪನಾಯಕ ಪಟ್ಟಕ್ಕೆ ಬಂದ 1645ರಲ್ಲಿ ಕೂತಿದ್ದರೂ ಈಗಷ್ಟೇ ಸಾಲಿನ ತುದಿ ಕಾಣುತ್ತಿತ್ತು.

ಭಟ್ಕಳ, ಹೊನ್ನಾವರ, ಕುಮಟಾದವರೇ, ರೆಟಿನಾ ಕೆಡುವಾಗ ನೋಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ, 365 ದಿನದಲ್ಲಿ ಒಂದು ದಿನ ಹನಿ ಹಾಕಿಸಿಕೊಂಡು ರೆಟಿನಾ ತೋರಿಸಿ ಬನ್ನಿ.