ನರಿಯ ಪಾಲಿನ ಆಟ

ಮೂವತ್ತೆಂಟು ವರ್ಷದ ಹೆಂಗಸು, ಅದರಲ್ಲಿಯೂ ಸರ್ಕಾರಿ ಕಚೇರಿಯಲ್ಲಿ ಹಗಲೆಲ್ಲ ಫೈಲುಗಳಿಗೆ ನಂಬರು ಹಾಕುತ್ತ ಕೂಡತಕ್ಕ ಗುಮಾಸ್ತೆ, ವಿಡಿಯೋ ಗೇಮಿನ ವಿಷಯವಾಗಿ ಲೇಖನ ಬರೆದಿದ್ದಾಳೆಂದರೆ ನಮ್ಮ ಸಂಘದ ಹಿರಿಯರು ನಕ್ಕಾರು. ನಗಲಿ. ಅವರ ಮನೆಯ ಮಕ್ಕಳೂ ಒಂದು ಕಾಲಕ್ಕೆ ಟಿ.ವಿ.ಯ ಮುಂದೆ ಚಾಪೆ ಹಾಸಿಕೊಂಡು ಇದೇ ಪಾಪವನ್ನು ಮಾಡಿದವರೇ.

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಅಣ್ಣನ ಮಗ ಅಜ್ಜಿಯ ಬಳಿಯಲ್ಲಿ ಇರಲೆಂದು ಪುಣೆಯಿಂದ ಡೊಂಬಿವಲಿಗೆ ಬಂದಿದ್ದನು. ಒಂದು ಸಂಜೆ ನಾನು ಲೋಕಲ್ ಗಾಡಿಯಲ್ಲಿ ಹಿಂಡಿ ಹಿಪ್ಪೆಯಾಗಿ ಮನೆಗೆ ಬಂದಾಗ ಆತನ ಟ್ಯಾಬ್ಲೆಟ್ಟಿನಿಂದ ಪರಿಚಿತವಾದ ರಾಗವೊಂದು ಕಿವಿಗೆ ಬಿದ್ದಿತು. ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲಿಯೇ ನಿಂತೆನು. ಎಮರಾಲ್ಡ್ ಹಿಲ್ಲಿನ ರಾಗ! ‘ಸಾನಿಕ್ ದಿ ಹೆಜ್‌ಹಾಗ್ ೨’ರ ಮೊದಲನೆಯ ಮಜಲು.

ಸಾನಿಕ್ ಎಂಬುವನು ನೀಲಿ ಬಣ್ಣದ, ಕೆಂಪು ಬೂಟು ತೊಟ್ಟ ಮುಳ್ಳಿನ ಪ್ರಾಣಿ. ನಮ್ಮ ಮನೆಯಲ್ಲಿ ಮುಳ್ಳುಹಂದಿ ಎಂದೇ ಅವನಿಗೆ ಹೆಸರು. ಜಪಾನಿನ ಸೇಗಾ ಕಂಪನಿಯವರು ೧೯೯೧ರಲ್ಲಿ ಮೊದಲ ಆಟವನ್ನು ತಂದರು. ಎರಡನೆಯದನ್ನು ಸಿದ್ಧಪಡಿಸಿದುದು ಜಪಾನಿನಲ್ಲಲ್ಲ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಯುಜಿ ನಾಕಾ, ಹಿರೊಕಾಜು ಯಾಸುಹಾರಾ ಮೊದಲಾದವರು ಅಲ್ಲಿಗೆ ಹೋಗಿ, ಮಾರ್ಕ್ ಸರ್ನಿ ಎಂಬುವರ ಮುಂದಾಳುತನದ ಸೇಗಾ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅಮೆರಿಕನರೊಡನೆ ಕೂಡಿ ದುಡಿದರು. ೧೯೯೨ನೆಯ ನವೆಂಬರ್ ೨೪, ಮಂಗಳವಾರ, ಅಮೆರಿಕ ಯುರೋಪುಗಳಲ್ಲಿ ಆಟ ಹೊರಬಿದ್ದಿತು. ಇಂಗ್ಲಿಷಿನ ‘ಟ್ಯೂಸ್‌ಡೇ’ಯಲ್ಲಿ ‘ಟೂ’ ಎಂಬ ಸದ್ದು ಇದೆಯೆಂದು ಆ ವಾರವನ್ನೇ ಆರಿಸಿದರಂತೆ. ಜಾಹೀರಾತಿನವರ ಬುದ್ಧಿ!

ನಮ್ಮ ಮನೆಗೆ ಅದು ಬಂದುದು ೧೯೯೬ರಲ್ಲಿ. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಕರಿಯ ಮೆಗಾ ಡ್ರೈವ್ ಯಂತ್ರವನ್ನು ಖರ್ಜೂರದ ಡಬ್ಬಿಗಳ ನಡುವೆ ಇಟ್ಟುಕೊಂಡು ತಂದನು. ಅಣ್ಣನಿಗೆ ಹದಿನಾಲ್ಕು, ನನಗೆ ಒಂಬತ್ತು. ಪ್ಯಾಡುಗಳು ಎರಡು. ಮೊದಲನೆಯದು ಯಾರ ಕೈಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಎರಡನೆಯ ಪ್ಯಾಡು ಟೇಲ್ಸ್ ಎಂಬ ನರಿಯದು. ಈ ಎರಡು ಬಾಲದ ನರಿಮರಿಯನ್ನು ಬರೆದವರು ಯಾಸುಶಿ ಯಾಮಾಗುಚಿ. ಅದರ ನಿಜವಾದ ಹೆಸರು ಮೈಲ್ಸ್ ಪ್ರೊವರ್. ಗಂಟೆಗೆ ಇಷ್ಟು ಮೈಲಿ ಎಂಬ ಇಂಗ್ಲಿಷ್ ಮಾತನ್ನೇ ತಿರುಚಿ ಮಾಡಿದ ಹೆಸರು. ನರಿ ಸಾನಿಕನ ಬೆನ್ನ ಹಿಂದೆ ಓಡುತ್ತದೆ. ಆದರೆ ಪರದೆ ಅನುಸರಿಸುವುದು ಸಾನಿಕನನ್ನು ಮಾತ್ರ. ಅವನು ಮುಂದೆ ಹೋದನೋ, ನರಿ ಪರದೆಯಿಂದ ಆಚೆ ಮಾಯ! ಸ್ವಲ್ಪ ಹೊತ್ತಿಗೆ ಬಾಲ ತಿರುಗಿಸುತ್ತ ಮೇಲಿನಿಂದ ಹಾರಿ ಬಂದು ಮತ್ತೆ ಬೆನ್ನು ಹಿಡಿಯುತ್ತದೆ. ನರಿ ಹೆಕ್ಕಿದ ಉಂಗುರಗಳು ಸಾನಿಕನ ಲೆಕ್ಕಕ್ಕೆ ಜಮೆ. ನರಿ ಸತ್ತರೆ ಯಾವ ಲೆಕ್ಕಕ್ಕೂ ಇಲ್ಲ. ಮನೆಯಲ್ಲಿ ಎರಡನೆಯವರಾಗಿ ಹುಟ್ಟಿದ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೆ?

ಆದರೂ ನರಿಗೆ ಒಂದು ಗೌರವವಿದ್ದಿತು. ಮಜಲಿನ ಕೊನೆಗೆ ಆ ಬೊಕ್ಕತಲೆಯ ರೋಬೊಟ್ನಿಕ್ ತನ್ನ ಯಂತ್ರವೇರಿ ಬರುತ್ತಾನಷ್ಟೆ. ಸಾನಿಕನ ಬಳಿ ಉಂಗುರವಿಲ್ಲದಿದ್ದರೆ ಒಂದೇ ಪೆಟ್ಟಿಗೆ ಪ್ರಾಣ ಹೋಗುವ ಸಂದರ್ಭ. ಆಗ ಅಣ್ಣ ಸಾನಿಕನನ್ನು ಮೂಲೆಗೆ ನಿಲ್ಲಿಸಿ, “ಹೋಗು, ನೀ ಹೊಡಿ” ಎನ್ನುವನು. ಸಾವಿನ ಭಯವಿಲ್ಲದ ನನ್ನ ನರಿ ಬಿದ್ದೆದ್ದು ಹೊಡೆದು ಗೆಲ್ಲುವುದು. ಗೆದ್ದ ಮೇಲೆ ಅಂಕವೆಲ್ಲ ಅಣ್ಣನದು.

ಈ ಆಟವನ್ನು ಎಲ್ಲರೂ ವೇಗಕ್ಕಾಗಿ ಹೊಗಳುತ್ತಾರೆ. ಅದು ಅರ್ಧ ಸತ್ಯವೆಂದು ನನ್ನ ಮತ. ನಿಂತಲ್ಲಿಯೇ ಗಿರಗಿರನೆ ಸುತ್ತಿ ಬಾಣದಂತೆ ಚಿಮ್ಮುವ ‘ಸ್ಪಿನ್ ಡ್ಯಾಶ್’ ಈ ಎರಡನೆಯ ಭಾಗದಲ್ಲಿಯೇ ಮೊದಲು ಬಂದುದು. ಅದರ ಸುಖವೇ ಸುಖ. ಆದರೆ ಕಣ್ಣು ಮುಚ್ಚಿ ಓಡಿದವನು ಮುಳ್ಳಿಗೆ ಬಡಿದು, ಕೂಡಿಸಿದ ಉಂಗುರಗಳನ್ನೆಲ್ಲ ಚೆಲ್ಲಿ ನಿಲ್ಲುತ್ತಾನೆ. ಮಜಲುಗಳ ಮೇಲಿನ ದಾರಿ ವೇಗದ್ದು, ಸುರಕ್ಷಿತವಾದುದು. ಕಾಲು ತಪ್ಪಿದವನು ಬೀಳತಕ್ಕದ್ದು ಕೆಳಗಿನ ನಿಧಾನದ ದಾರಿಗೆ. ಕಲಿತವನಿಗಷ್ಟೇ ವೇಗ ದಕ್ಕುತ್ತದೆ. ಕೆಮಿಕಲ್ ಪ್ಲಾಂಟಿನ ಎರಡನೆಯ ಅಂಕದಲ್ಲಿಯಂತೂ ನೇರಳೆ ನೀರು ಏರುತ್ತ ಬರುತ್ತದೆ. ಸರಿಯುವ ಕಲ್ಲುಗಳ ಮೇಲೆ ಜಿಗಿಯುತ್ತ ಮೇಲೇರಬೇಕು. ಉಸಿರು ಮುಗಿಯುತ್ತ ಬಂದಾಗ ಐದರಿಂದ ಹಿಂದಕ್ಕೆ ಎಣಿಕೆ, ಅದರೊಡನೆ ಎದೆ ಬಡಿತ ಹೆಚ್ಚಿಸುವ ಆ ಸಂಗೀತ! ಮಸಾಟೊ ನಾಕಾಮುರಾ ಎಂಬ ಜಪಾನೀ ಸಂಗೀತಗಾರರ ರಾಗಗಳಲ್ಲಿ ಕ್ಯಾಸಿನೊ ನೈಟಿನದು ನನಗೆ ಅತ್ಯಂತ ಪ್ರಿಯವಾದುದು. ಈಗಲೂ ಕಚೇರಿಯಲ್ಲಿ ಸೀಲು ಒತ್ತುವಾಗ ಅದು ನಾಲಗೆಗೆ ಬರುತ್ತದೆ.

ಅಳಿಯನ ಟ್ಯಾಬ್ಲೆಟ್ಟಿನಲ್ಲಿ ಕೈಯಾಡಿಸಿದಾಗ ಎಲ್ಲವೂ ಬಹಳ ಬೇಗ ಓಡುವಂತೆ ಕಂಡಿತು. ವಯಸ್ಸಾಯಿತೆಂದುಕೊಂಡೆ. ಕಾರಣ ಬೇರೆಯೇ ಇದ್ದಿತು. ಅಮೆರಿಕ, ಜಪಾನುಗಳ ಟಿ.ವಿ. ಸೆಕೆಂಡಿಗೆ ೬೦ ಸಲ ಚಿತ್ರ ಬದಲಿಸಿದರೆ ನಮ್ಮ ಪಾಲ್ ಪದ್ಧತಿಯದು ೫೦ ಸಲ. ಸಂಗೀತವನ್ನು ಅದಕ್ಕೆ ಸರಿಹೊಂದಿಸಿದ್ದರು, ಓಟವನ್ನು ಹೊಂದಿಸಿರಲಿಲ್ಲ. ಎಂದ ಮೇಲೆ ಜಗತ್ತಿನ ಅತಿ ವೇಗದ ಆಟವೆಂದು ನಾವು ಎದೆಯುಬ್ಬಿಸಿ ಆಡಿದುದು ಆರರಲ್ಲಿ ಒಂದು ಪಾಲು ನಿಧಾನದ ಆಟ! ಸರ್ಕಾರಿ ನೌಕರಿಗೆ ನನ್ನ ತಯಾರಿ ಆಗಲೇ ಶುರುವಾಗಿದ್ದಿತೆಂದು ತೋರುತ್ತದೆ.

೨೦೧೩ರಲ್ಲಿ ಮೊಬೈಲಿಗಾಗಿ ಇದನ್ನು ಹೊಸದಾಗಿ ಕಟ್ಟಿದವರು ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಸೈಮನ್ ಥಾಮ್ಲಿ. ೧೯೯೨ರಲ್ಲಿ ಅರ್ಧಕ್ಕೇ ಕೈಬಿಟ್ಟಿದ್ದ ‘ಹಿಡನ್ ಪ್ಯಾಲೆಸ್’ ಎಂಬ ಮಜಲನ್ನು ಅವರು ಪೂರ್ತಿ ಮಾಡಿ ಸೇರಿಸಿದ್ದಾರೆ. ಅದರ ಬಾಗಿಲು ಎಲ್ಲಿದೆ ಗೊತ್ತೆ? ಮಿಸ್ಟಿಕ್ ಕೇವಿನಲ್ಲಿ ಬಿದ್ದವನು ಏಳಲಾಗದ ಮುಳ್ಳಿನ ಗುಂಡಿಯೊಂದಿದ್ದಿತಲ್ಲ, ಅದರಲ್ಲಿಯೇ.

ಇನ್ನು ನಮ್ಮ ಜಗಳದ ವಿಷಯ. ಐವತ್ತು ಉಂಗುರ ಹಿಡಿದು ದೀಪದ ಕಂಬ ಮುಟ್ಟಿದರೆ, ಅರ್ಧ ಸೀಳಿದ ಕೊಳವೆಯಂಥ ಒಂದು ವಿಶೇಷ ದಾರಿಗೆ ಪ್ರವೇಶ. ಅಲ್ಲಿ ಗೆದ್ದರೆ ಪಚ್ಚೆಯ ಹರಳು. ಏಳು ಹರಳು ಕೂಡಿದರೆ, ಐವತ್ತು ಉಂಗುರವಾದೊಡನೆ ಸಾನಿಕ್ ಚಿನ್ನದ ಬಣ್ಣಕ್ಕೆ ತಿರುಗಬಲ್ಲ. ಆ ದಾರಿಯ ತುಂಬ ಬಾಂಬುಗಳು. ನರಿ ಬಾಂಬಿಗೆ ಬಡಿದರೂ ಉಂಗುರ ನಷ್ಟ. ಪ್ರತಿಸಲವೂ ಒಂದೆರಡು ಉಂಗುರಕ್ಕೆ ಹರಳು ತಪ್ಪುವುದು, ಅಣ್ಣ ನನ್ನ ಮೇಲೆ ಹರಿಹಾಯುವುದು, ನಾನು ಅಳುವುದು. ಆಟವನ್ನು ಕಾದಿಡುವ ಸೌಲಭ್ಯ ಆ ಕಾಲದ ಪ್ರತಿಯಲ್ಲಿ ಇರಲಿಲ್ಲ. ಮತ್ತೆ ಮೊದಲಿನಿಂದ ಆಡಬೇಕು. ಏಳು ಹರಳು ನಮಗೆ ಒಮ್ಮೆಯೂ ಸಿಗಲಿಲ್ಲ. “ನಿನ್ನಿಂದ” ಎಂಬ ಮಾತು ಮನೆಯಲ್ಲಿ ಬಹು ವರ್ಷ ಉಳಿಯಿತು.

ಈಗ ಅಳಿಯ ಕೇಳಿದ ಪ್ರಶ್ನೆ: “ಅತ್ಯಾ, ಈ ನರಿ ಯಾರೂ ಆಡಿಸದ ತಾನ ಹೆಂಗ ಓಡ್ತದ?” ನನಗೂ ಅಚ್ಚರಿಯೇ. ವಿಚಾರಿಸಿ ತಿಳಿದುಕೊಂಡೆ. ಎರಡನೆಯ ಪ್ಯಾಡು ಸುಮ್ಮನಿದ್ದರೆ ಯಂತ್ರವೇ ನರಿಯನ್ನು ನಡೆಸುತ್ತದೆ. ಸಾನಿಕ್ ಒಂದು ಕ್ಷಣದ ಹಿಂದೆ ಏನು ಮಾಡಿದನೋ ಅದನ್ನೇ ಅದೂ ಮಾಡುತ್ತದೆ. ಸರಿ, ನನ್ನ ತಲೆಯಲ್ಲಿ ಹುಳ ಹೊಕ್ಕಿತು. ನಾನು ಆಡಿದುದೆಲ್ಲ ನಿಜವಾಗಿ ನಾನೇ ಆಡಿದುದೋ?

ಅಣ್ಣನಿಗೂ ನನಗೂ ಎರಡು ವರ್ಷದಿಂದ ಮಾತು ಇರಲಿಲ್ಲ. ತಂದೆಯವರು ತೀರಿದ ಮೇಲೆ ಮನೆಯ ಕಾಗದಪತ್ರಗಳ ಸಂಬಂಧವಾಗಿ ಬಂದ ಮನಸ್ತಾಪ. ವಿವರ ಇಲ್ಲಿ ಬೇಡ. ಬೇಕಾದುದನ್ನೆಲ್ಲ ತಾಯಿಯ ಮೂಲಕ ಹೇಳಿ ಕಳಿಸುವುದು ರೂಢಿಯಾಗಿದ್ದಿತು. ಆ ರಾತ್ರಿ ನಾನೇ ಫೋನು ಮಾಡಿದೆನು. ಕ್ಷೇಮ ಸಮಾಚಾರವನ್ನೂ ಕೇಳದೆ, “ಅಣ್ಣಾ, ಆ ಎರಡನೇ ಪ್ಯಾಡು ಖರೇನ ಕೆಲಸಾ ಮಾಡ್ತಿತ್ತೇನು?” ಎಂದುಬಿಟ್ಟೆ.

ಬಹಳ ಹೊತ್ತು ಸದ್ದಿಲ್ಲ. ಆಮೇಲೆ, “ಮಾಡ್ತಿತ್ತು. ಹರಳಿನ ದಾರ್‍ಯಾಗ ಮಾತ್ರ ಒಂದೆರಡು ಸಲ ನಾ ಅದರ ತಂತಿ ಕಿತ್ತಿದ್ದೆ. ನಿನಗ ಗೊತ್ತಾಗಲಿಲ್ಲ” ಎಂದನು.

“ಕಿತ್ತ ಮ್ಯಾಲೆ?”

“ಕಿತ್ತ ಮ್ಯಾಲೂ ಆ ನರಿ ಹೋಗಿ ಬಾಂಬಿಗೇ ಬಡೀತು. ನನ್ನ ಹಿಂದ ತಡಾ ಮಾಡಿ ಜಿಗೀತಿತ್ತು ಅದು. ತಪ್ಪು ನಿಂದಲ್ಲ ಅಂತ ಆವಾಗ ತಿಳೀತು.”

“ಆವಾಗ ಯಾಕ ಹೇಳಲಿಲ್ಲ?”

ಇದಕ್ಕೆ ಉತ್ತರ ಬರಲಿಲ್ಲ. ಮಗ ಎಲ್ಲಿಯವರೆಗೆ ಮುಟ್ಟಿದ್ದಾನೆಂದು ಕೇಳಿದನು. ಕೆಮಿಕಲ್ ಪ್ಲಾಂಟಿನ ನೀರಿನಲ್ಲಿ ನಾಲ್ಕು ದಿನದಿಂದ ಮುಳುಗುತ್ತಿದ್ದಾನೆ ಎಂದೆ.

“ಫೋನು ಅವನ ಕೈಯಾಗ ಕೊಡು. ಆಮೇಲೆ ನೀ ಇಡಬ್ಯಾಡ, ನಿನ್ನ ಕೂಡನೂ ಮಾತಾಡೂದದ” ಎಂದನು.

ಫೋನನ್ನು ಅಳಿಯನ ಕೈಗೆ ಕೊಟ್ಟು ನಾನು ಅನ್ನಕ್ಕೆ ಇಡಲು ಒಳಗೆ ಹೋದೆನು. ಆ ಸರಿಯುವ ಕಲ್ಲುಗಳ ಮೇಲೆ ಯಾವಾಗ ಜಿಗಿಯಬೇಕೆಂದು ಪುಣೆಯಿಂದ ಅಣ್ಣ ಕೂಗಿ ಹೇಳುತ್ತಿದ್ದುದು ಅಡಿಗೆಮನೆಯವರೆಗೂ ಕೇಳಿಸುತ್ತಿದ್ದಿತು.